ಮಸಿ ಬಳಿದ ಪಾಠ

ಹತ್ತನೇ ತರಗತಿಯಲ್ಲಿ ಜಗತ್ತಿನ ಚರಿತ್ರೆಗೆ ಒಂದು ಸಿದ್ಧ ಅಚ್ಚಿದೆ: ಕಾರಣಗಳು, ಘಟನೆಗಳು, ಪರಿಣಾಮಗಳು. 1789, 1914, 1917, 1939, 1945 ಎಂದು ಇಸವಿಗಳನ್ನು ಬಾಯಿಪಾಠ ಮಾಡಬೇಕು. ಮೊದಲ ಮಹಾಯುದ್ಧದ ‘ತಕ್ಷಣದ ಕಾರಣ’ ಕೇಳಿದರೆ ಸರಯೇವೋದಲ್ಲಿ ಗುಂಡೇಟಿಗೆ ಸತ್ತ ಆಸ್ಟ್ರಿಯಾದ ಯುವರಾಜನನ್ನು ಬರೆಯಬೇಕು. ಪರಿಣಾಮಗಳಿಗೆ ನಾಲ್ಕು ಅಂಶ ಹಾಕಿದರೆ ನಾಲ್ಕು ಅಂಕ. ರಷ್ಯಾವನ್ನು ಮುನ್ನೂರು ವರ್ಷ ಆಳಿದ ರೊಮಾನೊವ್ ವಂಶ ಹದಿನೈದು ವರ್ಷದ ಹುಡುಗಿಯ ಉತ್ತರ ಪತ್ರಿಕೆಯಲ್ಲಿ ಒಂದೂವರೆ ಸಾಲಿನಲ್ಲಿ ಮುಗಿದುಹೋಗುತ್ತದೆ. ಆಸ್ಟ್ರಿಯಾ–ಹಂಗೆರಿ ಎಂಬ ಸಾಮ್ರಾಜ್ಯ ಇತ್ತು ಎಂಬುದೇ ಅದು ಒಡೆದುಹೋಯಿತು ಎಂದು ಬರೆಯುವಾಗ ಗೊತ್ತಾಗುತ್ತದೆ.

ಅನಿತ್ಯದ ಬಗ್ಗೆ ಇದಕ್ಕಿಂತ ದೊಡ್ಡ ಪಾಠ ಯಾವ ಮಠದಲ್ಲಿ ಸಿಕ್ಕೀತು ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಈ ಪಾಠದಲ್ಲಿ ಒಂದು ವಿಚಿತ್ರವಿದೆ. ಅದರಲ್ಲಿ ಎಲ್ಲವೂ ಬೀಳುತ್ತದೆ, ಪಾಠ ಹೇಳುವ ಪುಸ್ತಕವೊಂದನ್ನು ಬಿಟ್ಟು. ಎಲ್ಲ ಸಿಂಹಾಸನಗಳ ಆಯಸ್ಸನ್ನು ಲೆಕ್ಕ ಹಾಕುವ ದನಿ, ತನ್ನ ಆಯಸ್ಸಿನ ಮಾತನ್ನು ಎತ್ತುವುದಿಲ್ಲ. ಕಾಲದ ಪ್ರವಾಹ ತಾಗದ ಯಾವುದೋ ದಂಡೆಯ ಮೇಲೆ ಕೂತು ಅದು ಮಾತಾಡುತ್ತಿರುತ್ತದೆ. ಆ ದನಿಯೇ ನಡುವೆ ಕಡಿದುಹೋದದ್ದನ್ನು, ಅದೂ ತರಗತಿಯ ಒಳಗೇ, ಬೆಂಚಿನ ಮೇಲೇ ಕಂಡ ಮಕ್ಕಳಿದ್ದರು. ಅವರು 1945ರ ಜಪಾನಿನ ಮಕ್ಕಳು.

ಆ ವರ್ಷದ ಆಗಸ್ಟ್ 15ರ ಮಧ್ಯಾಹ್ನ ಚಕ್ರವರ್ತಿ ಹಿರೋಹಿತೊನ ದನಿಯನ್ನು ಜಪಾನಿನ ಜನ ರೇಡಿಯೋದಲ್ಲಿ ಮೊದಲ ಬಾರಿ ಕೇಳಿದರು. ಯುದ್ಧ ಮುಗಿದಿತ್ತು. ಮಕ್ಕಳು ಮತ್ತೆ ತರಗತಿಗೆ ಬಂದು ಕೂತಾಗ ಅವರ ಮುಂದೆ ಇದ್ದದ್ದು ಹಳೆಯ ಪುಸ್ತಕಗಳೇ. ಹೊಸದನ್ನು ಬರೆಸಲು ಸಮಯವಿಲ್ಲ, ಅಚ್ಚು ಹಾಕಲು ಕಾಗದವಿಲ್ಲ. ಸೆಪ್ಟೆಂಬರ್ 20ರಂದು ಶಿಕ್ಷಣ ಸಚಿವಾಲಯ ಒಂದು ಸುತ್ತೋಲೆ ಹೊರಡಿಸಿತು. ಯುದ್ಧವನ್ನು ಹೊಗಳುವ ಭಾಗಗಳನ್ನು ತೆಗೆದುಹಾಕಿ ಇರುವ ಪುಸ್ತಕಗಳನ್ನೇ ಓದಿಸಿ ಎಂಬುದು ಅದರ ಸಾರ. ತೆಗೆಯುವ ಕೆಲಸ ಮಕ್ಕಳ ಪಾಲಿಗೆ ಬಂತು.

ಅಕ್ಷರ ತಿದ್ದುವ ಕುಂಚ, ಮಸಿ ಹೊರಬಂದವು. ಮೇಷ್ಟ್ರು ಪುಟದ ಸಂಖ್ಯೆ ಹೇಳುವರು, ಎಷ್ಟನೇ ಸಾಲಿನಿಂದ ಎಷ್ಟನೇ ಸಾಲಿನವರೆಗೆ ಎಂದು ಹೇಳುವರು. ಮಕ್ಕಳು ಬಳಿಯುವರು. ಜಪಾನಿ ಬರಹ ಮೇಲಿಂದ ಕೆಳಕ್ಕೆ ಇಳಿಯುವುದರಿಂದ ಪುಟದ ತುಂಬ ಉದ್ದುದ್ದ ಕಪ್ಪು ಪಟ್ಟೆಗಳಾದವು. ಮಸಿ ತೆಳುವಾದರೆ ಬೆಳಕಿಗೆ ಹಿಡಿದಾಗ ಒಳಗಿನ ಅಕ್ಷರ ಕಾಣುತ್ತದೆ, ಅದಕ್ಕೆ ಮೇಲೆ ಇನ್ನೊಂದು ಸಲ ಬಳಿಯಬೇಕು. ಬಳಿದು ಪೂರೈಸದ ಕಡೆ ಹಾಳೆಯನ್ನೇ ಕತ್ತರಿಸಿದರು, ಇಲ್ಲವೇ ಎರಡು ಪುಟ ಸೇರಿಸಿ ಅಂಟಿಸಿಬಿಟ್ಟರು. ಚರಿತ್ರೆ, ಭಾಷೆಯ ಪುಸ್ತಕಗಳಲ್ಲಿ ಶುರುವಾದದ್ದು ಮುಂದೆ ಗಣಿತದ ಪುಸ್ತಕಕ್ಕೂ ಬಂತು. ಸೈನ್ಯದ ಉದಾಹರಣೆಗಳು ಕೂಡುವ ಕಳೆಯುವ ಲೆಕ್ಕದ ಒಳಗೂ ಹೊಕ್ಕಿದ್ದವು.

ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮ ಮಕ್ಕಳಿಗೆ ಅದೇ ಪುಸ್ತಕಕ್ಕೆ ಮಸಿ ಬಳಿ ಎಂದು ಗುರುಗಳೇ ಹೇಳಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಂಡರೆ ಆ ತರಗತಿಯ ಇಕ್ಕಟ್ಟು ಸ್ವಲ್ಪ ತಿಳಿದೀತು. ಬೇಸಿಗೆಗೆ ಮುಂಚೆ ಆ ಸಾಲುಗಳನ್ನು ತಪ್ಪಿಲ್ಲದೆ ಒಪ್ಪಿಸದಿದ್ದರೆ ಗದರಿದ ಮೇಷ್ಟ್ರು, ಈಗ ಅದೇ ಸಾಲು ಚೂರೂ ಕಾಣಬಾರದು ಎನ್ನುತ್ತಿದ್ದಾರೆ. ಈ ಸುತ್ತೋಲೆ ಹೊರಟದ್ದು ಆ ಪುಸ್ತಕಗಳನ್ನು ಬರೆಸಿದ್ದ ಸಚಿವಾಲಯದಿಂದಲೇ. ಗೆದ್ದವರ ಕಟ್ಟುನಿಟ್ಟಿನ ಆದೇಶ ಬಂದದ್ದು ಡಿಸೆಂಬರ್ 31ಕ್ಕೆ. ನೀತಿಬೋಧೆ, ಜಪಾನಿನ ಚರಿತ್ರೆ, ಭೂಗೋಳ ಈ ಮೂರು ವಿಷಯಗಳನ್ನೇ ಅಂದು ನಿಲ್ಲಿಸಿದರು, ಪುಸ್ತಕಗಳನ್ನು ಹಿಂದಕ್ಕೆ ಪಡೆದರು. ಚರಿತ್ರೆಯ ಅತಿ ದೊಡ್ಡ ತಿರುವೊಂದನ್ನು ಹಾದುಬಂದ ಮಕ್ಕಳಿಗೆ ತಿಂಗಳುಗಟ್ಟಲೆ ಚರಿತ್ರೆಯ ಪೀರಿಯಡ್ಡೇ ಇರಲಿಲ್ಲ.

ಮಸಿಯ ಅಡಿಗೆ ಹೋದದ್ದೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಶಾಶ್ವತ. 1889ರ ಸಂವಿಧಾನದ ಮೊದಲ ವಿಧಿಯೇ ಚಕ್ರವರ್ತಿಯ ವಂಶ ಯುಗಯುಗಾಂತರಕ್ಕೂ ಕಡಿಯದೆ ಬಂದದ್ದು ಎಂದು ಸಾರಿತ್ತು. ಮರುವರ್ಷ ಹೊರಟ ಶಿಕ್ಷಣದ ರಾಜಾಜ್ಞೆಯನ್ನು ಶಾಲೆಗಳಲ್ಲಿ ಮಂತ್ರದ ಹಾಗೆ ಓದುತ್ತಿದ್ದರು. ಚಕ್ರವರ್ತಿಯ ಭಾವಚಿತ್ರ ಇಡಲೆಂದೇ ಅನೇಕ ಶಾಲೆಗಳ ಆವರಣದಲ್ಲಿ ಗುಡಿಯಂಥ ಕಟ್ಟಡವಿತ್ತು. ಚರಿತ್ರೆಯ ಪುಸ್ತಕ ಸೂರ್ಯದೇವಿ ಅಮತೆರಾಸುವಿನಿಂದ ಆರಂಭವಾಗಿ, ಕ್ರಿ.ಪೂ. 660ರಲ್ಲಿ ಪಟ್ಟವೇರಿದನೆಂದು ನಂಬಿದ ಜಿಮ್ಮು ಚಕ್ರವರ್ತಿಯಿಂದ ನಡೆದುಬರುತ್ತಿತ್ತು. ಆ ಲೆಕ್ಕದಲ್ಲಿ 1940ಕ್ಕೆ ಸಾಮ್ರಾಜ್ಯಕ್ಕೆ 2600 ವರ್ಷ ತುಂಬಿತೆಂದು ದೇಶವೆಲ್ಲ ಹಬ್ಬ ಮಾಡಿತು. ಆ ವರ್ಷ ನೌಕಾಪಡೆಗೆ ಸೇರಿದ ಯುದ್ಧವಿಮಾನಕ್ಕೆ ‘ಜೀರೋ’ ಎಂಬ ಹೆಸರು ಬಂದದ್ದು 2600ರ ಕೊನೆಯ ಸೊನ್ನೆಯಿಂದ. ಹಬ್ಬವಾದ ಐದೇ ವರ್ಷಕ್ಕೆ ಆ 2600 ವರ್ಷದ ಕಥೆಯ ಮೇಲೆ ಮಕ್ಕಳ ಕುಂಚ ಓಡಾಡಿತು. 1948ರಲ್ಲಿ ರಾಜಾಜ್ಞೆಯನ್ನು ಸಂಸತ್ತು ಅಸಿಂಧುವೆಂದು ಘೋಷಿಸಿತು.

ಇಲ್ಲಿಗೇ ನಿಲ್ಲಿಸಿದರೆ ಇದು ನಮಗೆ ಗೊತ್ತಿರುವ ಕಥೆಯೇ. ಮೆರೆದವರು ಮಣ್ಣಾದರು, ಯಾರೂ ಶಾಶ್ವತವಲ್ಲ. ಆದರೆ ಜಪಾನಿನ ಸಿಂಹಾಸನ ಮಣ್ಣಾಗಲಿಲ್ಲ. 1947ರಲ್ಲಿ ಜಾರಿಗೆ ಬಂದ ಸಂವಿಧಾನ ಚಕ್ರವರ್ತಿಯನ್ನು ರಾಷ್ಟ್ರದ ಸಂಕೇತವೆಂದು ಉಳಿಸಿಕೊಂಡಿತು. ಹಿರೋಹಿತೊ 1989ರವರೆಗೆ ಬದುಕಿ ಸಿಂಹಾಸನದ ಮೇಲೆಯೇ ತೀರಿಕೊಂಡ. ಉಳಿಯದೆ ಹೋದವರು ಬೇರೆ. ಅವರು ಯಾರೆಂದು ತಿಳಿಯಲು ಒಂದನೇ ತರಗತಿಯ ಪುಸ್ತಕವೊಂದನ್ನು ತೆರೆಯಬೇಕು.

1933ರಿಂದ ಜಪಾನಿನ ಮಕ್ಕಳ ಕೈಗೆ ಬಂದ ವಾಚನ ಪುಸ್ತಕವನ್ನು ಜನ ‘ಸಕುರಾ ಪುಸ್ತಕ’ ಎಂದು ಕರೆಯುತ್ತಿದ್ದರು. ಅದರ ಮೊದಲ ಪುಟದಲ್ಲೇ ಚೆರಿ ಹೂವು ಅರಳಿ ನಿಂತಿತ್ತು, ಬಣ್ಣದ ಚಿತ್ರದಲ್ಲಿ. ಸ್ವಲ್ಪ ಮುಂದೆ ಹೋದರೆ ಸೈನಿಕರು ಸಾಲುಗಟ್ಟಿ ಹೆಜ್ಜೆ ಹಾಕುತ್ತಿದ್ದರು. ಆ ವರ್ಷ ಆರು ವರ್ಷ ತುಂಬಿ ಶಾಲೆಗೆ ಸೇರಿದ ಹುಡುಗನಿಗೆ 1945ಕ್ಕೆ ಹದಿನೆಂಟು. ಈ ಎರಡು ಇಸವಿಗಳ ನಡುವೆ ಚೆರಿ ಹೂವು ಏನಾಯಿತು ಎಂಬುದೇ ನಿಜವಾದ ಪಾಠ. ಹೂವು ಅರಳಿ ಕೆಲವೇ ದಿನಕ್ಕೆ ಉದುರುತ್ತದೆ, ಉದುರುವುದರಲ್ಲೇ ಅದರ ಚೆಲುವಿದೆ ಎಂಬುದು ಆ ನೆಲದ ಹಳೆಯ ರಸಿಕತೆ. 1944ರ ಅಕ್ಟೋಬರ್‌ನಲ್ಲಿ ಫಿಲಿಪೀನ್ಸ್‌ನಲ್ಲಿ ಮೊದಲ ಆತ್ಮಾಹುತಿ ವಿಮಾನ ಪಡೆಗಳನ್ನು ಕಟ್ಟಿದಾಗ ಅವಕ್ಕೆ ಶಿಕಿಶಿಮಾ, ಯಮಾತೊ, ಅಸಾಹಿ, ಯಮಜಕುರಾ ಎಂದು ಹೆಸರಿಟ್ಟರು. ನಾಲ್ಕೂ ಹದಿನೆಂಟನೇ ಶತಮಾನದ ವಿದ್ವಾಂಸ ಮೊಟೊಓರಿ ನೊರಿನಾಗ ಚೆರಿ ಹೂವಿನ ಬಗ್ಗೆ ಬರೆದ ಪದ್ಯವೊಂದರಿಂದ ತೆಗೆದವು. ಕೊನೆಯದರ ಅರ್ಥ ಬೆಟ್ಟದ ಚೆರಿ. ಅದೇ ಕಾಲಕ್ಕೆ, ಸ್ಫೋಟಕ ತುಂಬಿದ ಮೂತಿಯ ಹಿಂದೆ ಒಬ್ಬ ತರುಣನನ್ನು ಕೂರಿಸಿ ಹಡಗಿನ ಮೇಲೆ ಬೀಳಿಸುವ ರಾಕೆಟ್ ವಿಮಾನ ತಯಾರಾಯಿತು. ಅದರ ಹೆಸರು ಓಕಾ, ಅಂದರೆ ಚೆರಿ ಹೂವು.

ಹಂಚಿಕೆ ಹೇಗಾಯಿತು ನೋಡಿ. ಶಾಶ್ವತವೆಲ್ಲ ಸಾಮ್ರಾಜ್ಯಕ್ಕೆ, ಅನಿತ್ಯವೆಲ್ಲ ಹದಿನೆಂಟರ ಹುಡುಗನಿಗೆ. ಒಂದೇ ಪಠ್ಯಕ್ರಮದಲ್ಲಿ, ಒಂದೇ ಗಂಟೆಯ ಪಾಠದಲ್ಲಿ ಎರಡನ್ನೂ ಕಲಿಸಿದರು. ನೀನು ಹೂವು, ಉದುರು. ನಾವು ಎಂದಿಗೂ ಕಡಿಯದ ವಂಶ, ಇರುತ್ತೇವೆ. ಅನಿತ್ಯ ಎಂಬ ಮಾತು ಸುಳ್ಳಾಗಿರಲಿಲ್ಲ. ಅದನ್ನು ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳಲಿಲ್ಲ, ಅಷ್ಟೆ.

ಇದು ನಮ್ಮನ್ನು ಹೆಚ್ಚು ಕಾಡಬೇಕು. ಏಕೆಂದರೆ ಅನಿತ್ಯದ ಬೋಧೆ ಜಪಾನಿಗೆ ಹೋದದ್ದು ಈ ನೆಲದ ಬುದ್ಧನಿಂದ, ಚೀನಾ ಕೊರಿಯಾಗಳನ್ನು ಹಾದು. ಬುದ್ಧ ಆ ಮಾತನ್ನು ಹೇಳಿದ್ದು ಹಿಡಿತ ಸಡಿಲವಾಗಲಿ ಎಂದು. ಕೂಡಿಕೊಂಡದ್ದೆಲ್ಲ ಒಂದು ದಿನ ಬೇರೆಯಾಗುವುದರಿಂದ ಯಾವುದನ್ನೂ ಬಾಚಿ ತಬ್ಬಿಕೊಳ್ಳಬೇಡ, ಇನ್ನೊಬ್ಬರ ನೋವು ನಿನ್ನದೂ ಹೌದು ಎಂದು ತಿಳಿ ಎಂಬ ದಾರಿ ಅದು. ಯುದ್ಧಕಾಲದ ಜಪಾನಿನಲ್ಲಿ ಬೌದ್ಧ ಪಂಥಗಳು ಸೇನೆಯ ಬೆನ್ನಿಗೆ ನಿಂತವು. ಬಿಡು ಎಂಬ ಅರ್ಧ ಮಾತು ಹುಡುಗರ ಪ್ರಾಣಕ್ಕೆ ಅನ್ವಯಿಸಿತು. ಮಂಚೂರಿಯಾವನ್ನೂ ಚೀನಾವನ್ನೂ ಹಿಡಿದಿದ್ದ ಮುಷ್ಟಿಗೆ ಅನ್ವಯಿಸಲಿಲ್ಲ. ಸೋತೋ ಜೆನ್ ಪಂಥ ಇದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟದ್ದು 1992ರಲ್ಲಿ.

ಶಾಶ್ವತದ ಮಾತು ಕನ್ನಡಿಗರಿಗೂ ಹೊಸದೇನಲ್ಲ. ನಮ್ಮ ಶಾಸನಗಳಲ್ಲಿ ರಾಜರು ದಾನ ಕೊಟ್ಟಾಗ ಆಚಂದ್ರಾರ್ಕ, ಸೂರ್ಯ ಚಂದ್ರರಿರುವ ತನಕ ಎಂದು ಕೆತ್ತಿಸುತ್ತಿದ್ದರು. ಅದರ ಬೆನ್ನಿಗೇ ಒಂದು ಶಾಪವೂ ಇರುತ್ತಿತ್ತು: ಈ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟಲಿ. ಸೂರ್ಯ ಚಂದ್ರರ ಭರವಸೆ ಗಟ್ಟಿಯಾಗಿದ್ದರೆ ಹುಳುವಿನ ಬೆದರಿಕೆ ಏಕೆ ಬೇಕಿತ್ತು? ಕೆತ್ತಿಸಿದವನಿಗೆ ತನ್ನ ಆಣೆ ತನ್ನ ಮಗನ ಕಾಲಕ್ಕಾದರೂ ನಿಂತೀತೋ ಇಲ್ಲವೋ ಎಂಬ ಅಳುಕಿತ್ತು. ಎಲ್ಲಿ ಶಾಶ್ವತದ ಘೋಷಣೆ ಜೋರಾಗಿ ಕೇಳುತ್ತದೋ ಅಲ್ಲಿ ಹತ್ತಿರದಲ್ಲೇ ಒಂದು ಬೆದರಿಕೆಯೂ ಇರುತ್ತದೆ. ಇದನ್ನು ಮಕ್ಕಳಿಗೆ ತೋರಿಸಿಕೊಡುವ ಚರಿತ್ರೆಯ ಪಾಠ ಇಸವಿಗಳನ್ನು ಒಪ್ಪಿಸುವ ಪಾಠಕ್ಕಿಂತ ಮೇಲು.

ಹಳೆಯದು ಹೋದ ಮೇಲೆ ಬಂದದ್ದಾದರೂ ನಿಂತಿತೇ? 1946ರಲ್ಲಿ ಜಪಾನಿನ ಶಾಲೆಗಳಿಗೆ ‘ಕುನಿ ನೊ ಅಯುಮಿ’ ಎಂಬ ಹೊಸ ಚರಿತ್ರೆ ಬಂತು. ಅದು ಸೂರ್ಯದೇವಿಯನ್ನು ಬಿಟ್ಟು ಶಿಲಾಯುಗದ ಮನುಷ್ಯರಿಂದ ಆರಂಭವಾಯಿತು. 1947ರಲ್ಲಿ ಹೊಸ ಸಂವಿಧಾನವನ್ನು ವಿವರಿಸುವ ಪುಟ್ಟ ಪುಸ್ತಕವೊಂದು ಮಾಧ್ಯಮಿಕ ಶಾಲೆಗಳಿಗೆ ಬಂತು. ಅದರ ಒಂದು ಚಿತ್ರ ಪ್ರಸಿದ್ಧ. ದೊಡ್ಡದೊಂದು ಕಡಾಯಿ. ಮೇಲಿನಿಂದ ವಿಮಾನ, ಬಾಂಬು, ಯುದ್ಧದ ಸಾಮಗ್ರಿಗಳೆಲ್ಲ ಅದರೊಳಗೆ ಬಿದ್ದು ಕರಗುತ್ತಿವೆ. ಕೆಳಗಿನಿಂದ ರೈಲು, ಹಡಗು, ಅಗ್ನಿಶಾಮಕ ವಾಹನ ಹೊರಬರುತ್ತಿವೆ. ಕಡಾಯಿಯ ಮೇಲೆ ‘ಯುದ್ಧತ್ಯಾಗ’ ಎಂದು ಬರೆದಿದೆ. ಇಂಥ ಪುಸ್ತಕವಾದರೂ ಉಳಿಯಬಾರದಿತ್ತೇ ಎನ್ನಿಸುತ್ತದೆ. ಉಳಿಯಲಿಲ್ಲ. 1950ರಲ್ಲಿ ಕೊರಿಯಾ ಯುದ್ಧ ಶುರುವಾಯಿತು, ಜಪಾನಿನಲ್ಲಿ ಮೀಸಲು ಪೊಲೀಸ್ ಪಡೆ ಕಟ್ಟಿದರು, 1954ಕ್ಕೆ ಅದು ಆತ್ಮರಕ್ಷಣಾ ಪಡೆಯಾಯಿತು. ಕಡಾಯಿಯ ಪುಸ್ತಕ ಐವತ್ತರ ದಶಕದ ಆರಂಭದಲ್ಲೇ ಶಾಲೆಯಿಂದ ಮರೆಯಾಯಿತು. ಮಸಿ ಬೇಕಾಗಲಿಲ್ಲ, ಮರುಮುದ್ರಣ ನಿಲ್ಲಿಸಿದರೆ ಸಾಕಾಯಿತು. ಕೆಟ್ಟದ್ದು ಮಾತ್ರ ಅಳಿಯುತ್ತದೆ ಎಂಬ ಗ್ಯಾರಂಟಿಯನ್ನು ಕಾಲ ಯಾರಿಗೂ ಕೊಟ್ಟಿಲ್ಲ.

ಸೋವಿಯತ್ ಒಕ್ಕೂಟದಲ್ಲೂ ಇದೇ ಕೆಲಸ ಬೇರೆ ಸಲಕರಣೆಯಿಂದ ನಡೆಯಿತು. ಸ್ಟಾಲಿನ್ ಸತ್ತ ಮೇಲೆ ಗುಪ್ತ ಪೊಲೀಸರ ಮುಖ್ಯಸ್ಥನಾಗಿದ್ದ ಬೆರಿಯಾನನ್ನು 1953ರಲ್ಲಿ ಹಿಡಿದು ಕೊಂದರು. ಮಹಾ ಸೋವಿಯತ್ ವಿಶ್ವಕೋಶದ ಚಂದಾದಾರರ ಮನೆಗೆ ಹೊಸ ಹಾಳೆಗಳು ಬಂದವು. ಐದನೇ ಸಂಪುಟದಲ್ಲಿ ಅವನ ಬಗ್ಗೆ ಇರುವ ಪುಟಗಳನ್ನು ಕತ್ತರಿ ಇಲ್ಲವೇ ಬ್ಲೇಡಿನಿಂದ ತೆಗೆದು ಇವನ್ನು ಅಂಟಿಸಿ ಎಂಬ ಸೂಚನೆ ಜೊತೆಗಿತ್ತು. ಬೆರಿಯಾ ಇದ್ದ ಜಾಗವನ್ನು ಬೇರಿಂಗ್ ಸಮುದ್ರ ಆಕ್ರಮಿಸಿತು. 1988ರಲ್ಲಿ, ಗೋರ್ಬಚೇವ್ ಕಾಲದಲ್ಲಿ, ಶಾಲೆಗಳ ಚರಿತ್ರೆಯ ಅಂತಿಮ ಪರೀಕ್ಷೆಯನ್ನೇ ರದ್ದು ಮಾಡಿದರು. ಪುಸ್ತಕದಲ್ಲಿರುವುದು ನಿಜವಲ್ಲವೆಂದು ಸರ್ಕಾರವೇ ಒಪ್ಪಿದ ಮೇಲೆ ಸರಿ ಉತ್ತರ ಯಾವುದೆಂದು ಅಂಕ ಕೊಡುವುದು? ಮೂರು ವರ್ಷಕ್ಕೆ ದೇಶವೇ ಇರಲಿಲ್ಲ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2022ರಲ್ಲಿ ಕರ್ನಾಟಕದ ಶಾಲಾ ಪಠ್ಯಕ್ಕೆ ಸೇರಿದ ಕೆಲವು ಪಾಠಗಳು 2023ರಲ್ಲಿ ಸರ್ಕಾರ ಬದಲಾದ ಮೇಲೆ ಬಿಟ್ಟುಹೋದವು. ಪುಸ್ತಕಗಳು ಆಗಲೇ ಅಚ್ಚಾಗಿದ್ದುದರಿಂದ ತಿದ್ದುಪಡಿಗಳು ಪೂರಕ ಪುಸ್ತಿಕೆಯಾಗಿ ಬಂದವು. ಯಾರು ಸರಿ ಎಂಬ ವಾದ ಬೇರೆ. ಈ ವರ್ಷ ಓದಿದ್ದು ಮುಂದಿನ ವರ್ಷ ಇರದೆ ಹೋಗಬಹುದೆಂಬುದು ಮಕ್ಕಳಿಗಂತೂ ಗೊತ್ತಾಯಿತು.

ಹಾಗಾದರೆ ಓದುವುದೇ ಏಕೆ ಎಂಬ ಪ್ರಶ್ನೆ ಏಳುತ್ತದೆ. ಸಾಮ್ರಾಜ್ಯ ಹೋಗುತ್ತದೆ, ಸಾಮ್ರಾಜ್ಯದ ಚರಿತ್ರೆ ಹೋಗುತ್ತದೆ, ಅದನ್ನು ತಿದ್ದಿದವರ ಚರಿತ್ರೆಯೂ ಹೋಗುತ್ತದೆ. ಎಲ್ಲವೂ ಒಂದೇ, ಎಲ್ಲವೂ ಮಾಯೆ ಎಂದು ಪುಸ್ತಕ ಮುಚ್ಚಿ ನಿಟ್ಟುಸಿರು ಬಿಡಬಹುದು. ಇದಕ್ಕೆ ನಮ್ಮ ಹಿರಿಯರು ಪುರಾಣ ವೈರಾಗ್ಯ ಎನ್ನುತ್ತಿದ್ದರು. ಕಥೆ ಕೇಳುವಾಗ ಬಂದದ್ದು, ಕೇಳಿ ಎದ್ದು ಪಂಚೆ ಕೊಡವುವ ಹೊತ್ತಿಗೆ ಹೋಗುವಂಥದ್ದು. ಈ ವೈರಾಗ್ಯದಿಂದ ಯಾವ ಸಿಂಹಾಸನಕ್ಕೂ ಧಕ್ಕೆಯಾಗುವುದಿಲ್ಲ. ಎಲ್ಲವೂ ಹೋಗುತ್ತದೆ ಎಂದು ಕೈಕಟ್ಟಿ ಕೂತ ಪ್ರಜೆಗಿಂತ ಅನುಕೂಲವಾದ ಪ್ರಜೆ ಯಾವ ದೊರೆಗೂ ಸಿಗಲಾರ.

ಈ ಉದಾಸೀನದಲ್ಲಿ ಒಂದು ತಪ್ಪು ಲೆಕ್ಕವೂ ಇದೆ. ಎಲ್ಲವೂ ಹೋಗುವುದು ನಿಜ, ಹೋದದ್ದೆಲ್ಲ ಒಂದೇ ರೀತಿ ಹೋಗುವುದಿಲ್ಲ. ಹಿರೋಷಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಮಾಧ್ಯಮಿಕ ಶಾಲೆಯ ಮೊದಲ ವರ್ಷದ ಹುಡುಗನೊಬ್ಬನ ಊಟದ ಡಬ್ಬಿ ಇದೆ. 1945ರ ಆಗಸ್ಟ್ 6ರ ಬೆಳಗ್ಗೆ ಆ ಊರಿನ ಸಾವಿರಾರು ವಿದ್ಯಾರ್ಥಿಗಳನ್ನು, ಬಾಂಬ್ ದಾಳಿಯ ಬೆಂಕಿ ಹರಡದಿರಲೆಂದು ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಕರೆತಂದಿದ್ದರು. ಪಾಠ ನಡೆಯಬೇಕಾದ ಹೊತ್ತಿನಲ್ಲಿ ಅವರು ಬೀದಿಯಲ್ಲಿದ್ದರು. ಆ ಡಬ್ಬಿ ಹುಡುಗನ ತಾಯಿಗೆ ಸಿಕ್ಕಿತು. ತೆರೆಯದೆ ಉಳಿದ ಬುತ್ತಿ ಒಳಗೇ ಸುಟ್ಟು ಇದ್ದಿಲಾಗಿತ್ತು. ಸಂವಿಧಾನವನ್ನು ಮತ್ತೆ ಬರೆಯಬಹುದು, ಬರೆದರು. ಊರನ್ನು ಮತ್ತೆ ಕಟ್ಟಬಹುದು, ಹಿರೋಷಿಮಾ ಎದ್ದು ನಿಂತಿತು. ಚಕ್ರವರ್ತಿಗೆ ಹೊಸ ಪಾತ್ರ ಕೊಡಬಹುದು, ಕೊಟ್ಟರು. ಆ ಹುಡುಗ ಮಾತ್ರ ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ, ಯಾವ ಪರಿಷ್ಕರಣೆಯಲ್ಲೂ ಕೂರುವುದಿಲ್ಲ. ಅನಿತ್ಯದ ಅರಿವು ಉದಾಸೀನಕ್ಕೆ ಇಳಿಯದೆ ಕರುಣೆಯಾಗಬೇಕಾದ ಜಾಗ ಇದು. ಪರೀಕ್ಷೆಯಲ್ಲಿ ‘ಅಪಾರ ಸಾವುನೋವು ಸಂಭವಿಸಿತು’ ಎಂದು ಪರಿಣಾಮಗಳ ಕೊನೆಗೆ ಸೇರುವ ಅಂಶವೇ ನಿಜವಾಗಿ ಹಿಂತಿರುಗಿಸಲಾಗದ ಏಕೈಕ ಪರಿಣಾಮ. ಅದರ ಮುಂದೆ ಗಡಿಗಳು, ಒಪ್ಪಂದಗಳೆಲ್ಲ ತಾತ್ಕಾಲಿಕ.

ಇದನ್ನು ಮನಸ್ಸಿಗೆ ಹಚ್ಚಿಕೊಂಡ ಮೇಷ್ಟ್ರುಗಳು ಜಪಾನಿನಲ್ಲಿದ್ದರು. ಚರಿತ್ರೆಕಾರ ಇಯೆನಾಗಾ ಸಬುರೊ ಯುದ್ಧಕಾಲದಲ್ಲಿ ಪಾಠ ಹೇಳುತ್ತಿದ್ದವರು. 1946ರ ಹೊಸ ಚರಿತ್ರೆಯ ಒಂದು ಭಾಗ ಬರೆದವರಲ್ಲೂ ಒಬ್ಬರು. ಮುಂದೆ ಅವರು ಬರೆದ ಪ್ರೌಢಶಾಲೆಯ ಪುಸ್ತಕದಲ್ಲಿ ಯುದ್ಧದ ಕ್ರೌರ್ಯದ ಭಾಗಗಳನ್ನು ಮೆದು ಮಾಡುವಂತೆ ಸಚಿವಾಲಯ ಹೇಳಿದಾಗ 1965ರಲ್ಲಿ ಅವರು ಸರ್ಕಾರದ ಮೇಲೆ ದಾವೆ ಹೂಡಿದರು. ಒಂದರ ಹಿಂದೆ ಒಂದು, ಮೂರು ದಾವೆಗಳು. ಕೊನೆಯ ತೀರ್ಪು ಬಂದದ್ದು 1997ರಲ್ಲಿ. ಪಠ್ಯವನ್ನು ಪರಿಶೀಲಿಸುವ ಹಕ್ಕು ಸರ್ಕಾರಕ್ಕಿದೆ ಎಂದ ಸರ್ವೋಚ್ಚ ನ್ಯಾಯಾಲಯ, ಚೀನಾದಲ್ಲಿ ಮನುಷ್ಯರ ಮೇಲೆ ರೋಗಾಣು ಪ್ರಯೋಗ ನಡೆಸಿದ 731ನೇ ಘಟಕದ ವಿಷಯವನ್ನು ತೆಗೆಸಿದ್ದು ಕಾನೂನುಬಾಹಿರ ಎಂದಿತು. ಮೂವತ್ತೆರಡು ವರ್ಷ ಜಗಳವಾಡಿ ಗೆದ್ದದ್ದು ಕೆಲವೇ ಸಾಲು. ನಾಳೆ ಇನ್ನೊಂದು ಸರ್ಕಾರ ಅದನ್ನೂ ತೆಗೆಸಬಹುದೆಂದು ಆ ವೃದ್ಧ ಚರಿತ್ರೆಕಾರರಿಗೆ ಗೊತ್ತಿಲ್ಲದೆ ಇರಲಿಲ್ಲ.

ಮಸಿ ಬಳಿಸಿದ ತಲೆಮಾರಿನ ಶಿಕ್ಷಕರು ಕಟ್ಟಿಕೊಂಡ ಒಕ್ಕೂಟ 1951ರಲ್ಲಿ ಒಂದು ಪ್ರತಿಜ್ಞೆಯನ್ನು ಘೋಷಣೆಯಾಗಿ ಸ್ವೀಕರಿಸಿತು: ನಮ್ಮ ವಿದ್ಯಾರ್ಥಿಗಳನ್ನು ಇನ್ನೊಮ್ಮೆ ರಣರಂಗಕ್ಕೆ ಕಳಿಸುವುದಿಲ್ಲ. ತಾವು ಕಲಿಸಿದ ಒಂದೊಂದು ಸಾಲೂ ಸುಳ್ಳಾದದ್ದನ್ನು ಮಕ್ಕಳೆದುರು ನಿಂತು ಅನುಭವಿಸಿದವರ ಮಾತು ಇದು. ಇದರಲ್ಲಿ ಸತ್ಯ ಇಂಥದ್ದು ಎಂಬ ಹೇಳಿಕೆಯಿಲ್ಲ, ಶಾಶ್ವತದ ಹಕ್ಕುಸಾಧನೆಯಿಲ್ಲ. ಇರುವುದು ಮಾಡುವುದಿಲ್ಲ ಎಂಬ ಒಂದು ಮಾತು ಮಾತ್ರ, ಅದೂ ಹೇಳಿದವನು ಮುರಿದರೆ ಮುರಿದುಹೋಗುವಂಥದ್ದು. ಅದಕ್ಕೇ ಅದು ಶಾಸನದ ಆಚಂದ್ರಾರ್ಕಕ್ಕಿಂತ ಪ್ರಾಮಾಣಿಕ.

ಜಗತ್ತಿನ ಚರಿತ್ರೆಯ ತಿರುವುಗಳನ್ನು ಮಕ್ಕಳಿಗೆ ಕಲಿಸುವುದರಿಂದ ಅವರು ಸಾಮ್ರಾಜ್ಯಗಳ ಪಟ್ಟಿ ಕಲಿತರೆ ಸಾಲದು. ಯಾರಾದರೂ ಬಂದು ನಾವು ಎಂದಿಗೂ ಇರುವವರು ಎಂದರೆ, ಅದರ ಲೆಕ್ಕ ಯಾರ ಆಯಸ್ಸಿನಿಂದ ಜಮೆಯಾಗುತ್ತದೆ ಎಂದು ಕೇಳುವುದನ್ನು ಕಲಿಯಬೇಕು. ನಿನ್ನ ಬದುಕು ಹೇಗೂ ಮೂರು ದಿನದ್ದು ಎಂದು ಯಾರಾದರೂ ಉಪದೇಶ ಮಾಡಿದರೆ, ಹಾಗೆ ಹೇಳುವವನು ತನ್ನ ಕುರ್ಚಿಯ ಬಗ್ಗೆಯೂ ಅದೇ ಮಾತು ಹೇಳುತ್ತಾನೆಯೇ ಎಂದು ನೋಡಬೇಕು. ಕುರ್ಚಿಗೆ ಅನಿತ್ಯವನ್ನು, ಜೀವಕ್ಕೆ ಬೆಲೆಯನ್ನು ಕೊಡುವುದು ತಾನಾಗಿ ಆಗುವ ಕೆಲಸವಲ್ಲ. ಕಾಲವನ್ನು ಅದರ ಪಾಡಿಗೆ ಬಿಟ್ಟರೆ ಆಗುವುದು ಹೆಚ್ಚಾಗಿ ಇದರ ತಿರುಗುಮುರುಗು. ಆದ್ದರಿಂದ ಆ ಲೆಕ್ಕವನ್ನು ಪ್ರತಿ ತಲೆಮಾರೂ ಮೊದಲಿನಿಂದ ಸರಿಮಾಡಬೇಕಾಗುತ್ತದೆ. ಹಿಂದಿನವರು ಮಾಡಿಟ್ಟದ್ದು ಮುಂದಿನವರಿಗೆ ಉತ್ತರವಾಗಿ ಸಿಗುವುದಿಲ್ಲ, ಬಿಡಿಸಬೇಕಾದ ಲೆಕ್ಕವಾಗಿಯೇ ಸಿಗುತ್ತದೆ.